ಪಠ್ಯರೂಪದ ದಾರಿಸೂಚನೆ

ನಕ್ಷೆಯ ಚಿತ್ರವಿಲ್ಲದೆ, ತಲುಪಬೇಕಾದ ಊರು ಅಥವಾ ವಿಳಾಸದ ದಾರಿಯನ್ನು ತಿರುವು, ದೂರ ಮತ್ತು ಗುರುತುಗಳ ಮೂಲಕ ಬರಹದಲ್ಲೇ ತಿಳಿಸುವ ವಿಧಾನಕ್ಕೆ ಪಠ್ಯರೂಪದ ದಾರಿಸೂಚನೆ ಎನ್ನಬಹುದು. ಜಿಪಿಎಸ್ ಇಲ್ಲದ ಕೀಪ್ಯಾಡ್ ಫೋನುಗಳಿಗೂ, ನಕ್ಷೆ ತೆರೆದುಕೊಳ್ಳಲು ನಿಮಿಷಗಟ್ಟಲೆ ಕಾಯಬೇಕಾದ ನಿಧಾನಗತಿಯ ಸಂಪರ್ಕಕ್ಕೂ ಇದು ಒಗ್ಗುತ್ತದೆ. ಇಂಥ ಫೋನಿಗೆ ತಾನಿರುವ ಜಾಗ ಗೊತ್ತಿರುವುದಿಲ್ಲವಾದ್ದರಿಂದ, ಮತ್ತು ಮೊಬೈಲ್ ಗೋಪುರದಿಂದ ಸಿಗುವ ಅಂದಾಜು ಬೀದಿಯ ಮಟ್ಟಕ್ಕೆ ಸಾಲದ್ದರಿಂದ, ಹೊರಡುವ ಜಾಗವನ್ನು ಬಳಸುವವರೇ ತಿಳಿಸಬೇಕಾಗುತ್ತದೆ.

ಇದರ ಮುಖ್ಯ ವಾಹನವಾದ ಎಸ್‌ಎಂಎಸ್ ಸಂದೇಶವೊಂದರಲ್ಲಿ 140 ಬೈಟ್ ಮಾತ್ರ ಹಿಡಿಯುತ್ತದೆ. ರೋಮನ್ ಲಿಪಿಯಲ್ಲಿ ಅದು 160 ಅಕ್ಷರಗಳಿಗೆ ಸಮವಾದರೆ, ಯೂನಿಕೋಡ್ ಸಂಕೇತಗಳಲ್ಲಿ ಹೋಗುವ ಕನ್ನಡ, ತೆಲುಗುಗಳಿಗೆ ದೊರೆಯುವುದು 70 ಸ್ಥಾನಗಳಷ್ಟೇ. ‘ಜೀಡಿಮೆಟ್ಲಾ’ ಎಂಬುದು ಕಣ್ಣಿಗೆ ನಾಲ್ಕೇ ಅಕ್ಷರ. ಆದರೆ ಸ್ವರಚಿಹ್ನೆಗಳನ್ನೂ ಒತ್ತಕ್ಷರ ಮೂಡಿಸುವ ಹಲಂತ ಚಿಹ್ನೆಯನ್ನೂ ಬೇರೆಬೇರೆಯಾಗಿ ಎಣಿಸುವುದರಿಂದ ಅದು ಹತ್ತು ಸ್ಥಾನಗಳನ್ನು, ಅಂದರೆ ಸಂದೇಶದ ಏಳನೆಯ ಒಂದು ಭಾಗವನ್ನು ನುಂಗುತ್ತದೆ. ತಾಯ್ನುಡಿಯಲ್ಲಿ ದಾರಿ ಕೇಳುವವರ ಮೇಲೆ ಬೀಳುವ ಈ ಹೊರೆ ಸಣ್ಣದಲ್ಲ.

ಹೈದರಾಬಾದಿನ ಉತ್ತರ ಭಾಗದ ಜೀಡಿಮೆಟ್ಲಾ ಈ ವಿಧಾನಕ್ಕೆ ಒಳ್ಳೆಯ ಒರೆಗಲ್ಲು. ಆ ಹೆಸರಿನ ಹಳೆಯ ಊರು ಫಾಕ್ಸ್ ಸಾಗರ ಕೆರೆಯ ಬಳಿ, ಕೊಂಪಲ್ಲಿಯ ಕಡೆಗಿದೆ. ಐಡಿಎ ಜೀಡಿಮೆಟ್ಲಾ ಎಂದು ಕರೆಯುವ ಕೈಗಾರಿಕಾ ಪ್ರದೇಶವಾದರೋ ಬಾಲಾನಗರದಿಂದ ನರ್ಸಾಪುರಕ್ಕೆ ಹೋಗುವ ರಸ್ತೆಯ ಆಸುಪಾಸಿನಲ್ಲಿ ಹರಡಿದೆ. ಬರಿಯ ಊರಿನ ಹೆಸರು ನಂಬಿ ಹೊರಟವರು ತಪ್ಪು ಕಡೆ ಇಳಿಯಬಹುದಾದ್ದರಿಂದ, ಸೂಚನೆಯು ಮೊದಲು ಈ ಎರಡನ್ನೂ ಬೇರ್ಪಡಿಸಿ ಹೇಳಬೇಕು. ಬೀದರಿನಿಂದ ಜಹೀರಾಬಾದ್, ಪಟಾನ್‌ಚೆರು ಮಾರ್ಗವಾಗಿ ಕೈಗಾರಿಕಾ ಪ್ರದೇಶಕ್ಕೆ ಬರುವವರಿಗೆ ಕೂಕಟ್‌ಪಲ್ಲಿಯ ವೈ ಜಂಕ್ಷನ್, ಬಾಲಾನಗರದ ನರ್ಸಾಪುರ ಚೌರಸ್ತಾ, ಐಡಿಪಿಎಲ್, ಚಿಂತಲ್, ಶಾಪುರ್ ನಗರ ಎಂಬ ಸಾಲು ಸಿಕ್ಕರೆ ಸಾಕು. ಕಂಡಕ್ಟರಿಗೂ ಆಟೋದವರಿಗೂ ಗೊತ್ತಿರುವುದು ಈ ಹೆಸರುಗಳೇ. ಐಡಿಪಿಎಲ್ ಔಷಧ ಕಾರ್ಖಾನೆಯಲ್ಲಿ ಉತ್ಪಾದನೆ ನಿಂತು ಬಹುಕಾಲವಾಗಿದ್ದರೂ ನಿಲ್ದಾಣದ ಹೆಸರಾಗಿ ಅದು ಉಳಿದಿದೆ. ಮುಚ್ಚಿದ ಸಂಸ್ಥೆಗಳನ್ನೆಲ್ಲ ಪಟ್ಟಿಯಿಂದ ಅಳಿಸಿಹಾಕುವ ಸೂಚಕ ವ್ಯವಸ್ಥೆಯು ಇಂಥ ಗಟ್ಟಿ ಗುರುತನ್ನೇ ಕಳೆದುಕೊಳ್ಳುತ್ತದೆ.

ಬೀದಿಯ ಹೆಸರಿಗಿಂತ ಗುರುತೇ ಭಾರತದಲ್ಲಿ ದಾರಿ ತೋರುತ್ತದೆಂಬುದನ್ನು ಮನಗಂಡು ಗೂಗಲ್ ಸಂಸ್ಥೆಯು 2009ರ ಡಿಸೆಂಬರಿನಲ್ಲಿ ತನ್ನ ಇಲ್ಲಿಯ ನಕ್ಷೆಗಳ ದಾರಿಸೂಚನೆಗೆ ಹೆಗ್ಗುರುತುಗಳನ್ನು ಸೇರಿಸಿತು. ಅದೇ ಸಂಸ್ಥೆ 2004ರಲ್ಲಿ ಅಮೆರಿಕದಲ್ಲಿ ಆರಂಭಿಸಿದ್ದ ಎಸ್‌ಎಂಎಸ್ ಹುಡುಕಾಟ ಸೇವೆ 2013ರಲ್ಲಿ ನಿಂತಿತು.

ಉದ್ದದ ಸೂಚನೆಯನ್ನು ತುಂಡುಗಳಾಗಿ ಕಳುಹಿಸಿದಾಗ, ಅವುಗಳನ್ನು ಬೆಸೆಯುವ ಮಾಹಿತಿಗೂ ಜಾಗ ಬೇಕಾಗುವುದರಿಂದ ಕನ್ನಡಕ್ಕೆ ತುಂಡೊಂದರಲ್ಲಿ 67 ಸ್ಥಾನಗಳಷ್ಟೇ ಉಳಿಯುತ್ತವೆ. ಒಂದು ತುಂಡು ತಡವಾದರೆ ಅನೇಕ ಫೋನುಗಳು ಇಡೀ ಸಂದೇಶವನ್ನೇ ತೋರಿಸದೆ ಕಾಯುತ್ತವೆ. ಆದ್ದರಿಂದ ಬೆಸೆದ ಸಂದೇಶಕ್ಕಿಂತ, ‘1’, ‘2’ ಎಂದು ಎಣಿಕೆ ಹಾಕಿ, ಇಳಿಯುವ ನಿಲ್ದಾಣವನ್ನು ಮೊದಲನೆಯದರಲ್ಲೇ ಹೇಳಿಬಿಡುವ ಬಿಡಿ ಸಂದೇಶಗಳು ಪ್ರಯಾಣಿಕರಿಗೆ ಹೆಚ್ಚು ಉಪಯುಕ್ತ.