ರಾಜ್ಯೋತ್ಸವ ‘ರಜಯತಸವ’ ಆದ ಕಥೆ

ನಾವಿರುವ ಅಲ್ ಜದೀದಾದ ಹೆಸರನ್ನೇ ನೋಡಿ. ಅರಬ್ಬಿಯಲ್ಲಿ ಅದನ್ನು ಬರೆಯುವುದು ಒಂದೇ ರೀತಿ. ಪೂರ್ತಿ ಹೆಸರಿನ ಅರ್ಥ ‘ಹೊಸ ದೋಹಾ’. ಇಂಗ್ಲಿಷಿಗೆ ಬಂದೊಡನೆ ಬೋರ್ಡಿಗೊಂದು ಸ್ಪೆಲ್ಲಿಂಗ್. ಮನೆ ಹುಡುಕುವವರನ್ನು ಕಾಪಾಡುವುದು ಗೋಡೆಯ ಮೇಲಿನ ನೀಲಿ ಫಲಕ: ವಲಯ, ರಸ್ತೆ, ಕಟ್ಟಡ, ಮೂರೇ ಸಂಖ್ಯೆ.

ಇಂಟರ್ನೆಟ್ಟಿನ ಎಷ್ಟೋ ಪುಟಗಳಿಗೂ ಹಿಂದೆ ಇಂಥ ನಂಬರಿನ ವಿಳಾಸವೇ ಇತ್ತು. ಆಮೇಲೆ ಪುಟದ ಶೀರ್ಷಿಕೆಯಿಂದಲೇ ಓದಬಲ್ಲ ವಿಳಾಸ ಮಾಡುವ ಪದ್ಧತಿ ಬಂತು. ಆ ತುಂಡು ಹೆಸರಿಗೆ ‘ಸ್ಲಗ್’ ಎನ್ನುತ್ತಾರೆ. ಮಾತು ಬಂದದ್ದು ಅಚ್ಚುಕೂಟದಿಂದ. ಲೈನೋಟೈಪ್ ಯಂತ್ರ ಎರಕ ಹೊಯ್ಯುತ್ತಿದ್ದ ಸೀಸದ ಸಾಲು ಸ್ಲಗ್. ಸುದ್ದಿಮನೆಯಲ್ಲಿ ವರದಿಗೆ ಇಡುವ ಅಡ್ಡಹೆಸರೂ ಸ್ಲಗ್.

ಕನ್ನಡಕ್ಕೆ ಈ ಭಾಗ್ಯ ಸುಲಭವಾಗಿ ಸಿಗಲಿಲ್ಲ. 1994ರ ಡಿಸೆಂಬರಿನಲ್ಲಿ ಹೊರಬಂದ ನಿಯಮದ ಪ್ರಕಾರ ವಿಳಾಸದಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಕೆಲವು ಚಿಹ್ನೆಗಳಿಗೆ ಮಾತ್ರ ಜಾಗ. ಉಳಿದುದೆಲ್ಲ ಶೇಕಡಾ ಚಿಹ್ನೆಯ ವೇಷ ತೊಟ್ಟು ಬರಬೇಕು. ಯೂನಿಕೋಡಿನಲ್ಲಿ ಕನ್ನಡ 1991ರಲ್ಲೇ ಸೇರಿತ್ತು. 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದ ಯುಟಿಎಫ್-8 ಪದ್ಧತಿಯಲ್ಲಿ ನಮ್ಮ ಒಂದೊಂದು ಸಂಕೇತಕ್ಕೂ ಮೂರು ಬೈಟ್. ವಿಳಾಸದೊಳಗೆ ಒಂದು ಬೈಟಿಗೆ ಮೂರು ಚಿಹ್ನೆ, ಒಟ್ಟು ಒಂಬತ್ತು. ‘ಕನ್ನಡ’ ಎಂಬ ಪದದಲ್ಲಿ ಒತ್ತಕ್ಷರದ ಹಲಂತವೂ ಸೇರಿ ಐದು ಸಂಕೇತ. ಅಂದರೆ 45 ಚಿಹ್ನೆ! ಬ್ರೌಸರಿನಲ್ಲಿ ಕನ್ನಡವಾಗಿಯೇ ಕಾಣುವ ವಿಳಾಸ, ನಕಲಿಸಿ ವಾಟ್ಸಾಪಿಗೆ ಹಾಕಿದಾಗ ಮಾರುದ್ದ ಆಗುವುದು ಇದರಿಂದಲೇ.

2003ರಲ್ಲಿ ಹುಟ್ಟಿದ ವರ್ಡ್‌ಪ್ರೆಸ್ ಸ್ಲಗ್‌ಗೆ ಕೊಟ್ಟದ್ದು 200 ಚಿಹ್ನೆಗಳ ಜಾಗ. ಇಂಗ್ಲಿಷಿಗೆ ಧಾರಾಳ. ‘ದೋಹಾದಲ್ಲಿ ಕನ್ನಡ ರಾಜ್ಯೋತ್ಸವ’ ಎಂದು ಶೀರ್ಷಿಕೆ ಕೊಟ್ಟು ಲೆಕ್ಕ ಹಾಕಿದರೆ ‘ರಾಜ್ಯೋತ್’ ಎಂಬಲ್ಲಿಗೆ 200 ಮುಗಿಯುತ್ತದೆ. ಉತ್ಸವ ಅರ್ಧಕ್ಕೇ ನಿಂತಂತೆ.

ಜಾಂಗೋ ಎಂಬ ಇನ್ನೊಂದು ತಂತ್ರಾಂಶದ ಕಥೆ ಇನ್ನೂ ವಿಚಿತ್ರ. ಮೊದಲು ಅದು ಕನ್ನಡ ಶೀರ್ಷಿಕೆಯನ್ನು ಪೂರ್ತಿ ಅಳಿಸಿ ಖಾಲಿ ವಿಳಾಸ ಕೊಡುತ್ತಿತ್ತು. 2015ರ ಡಿಸೆಂಬರಿನಲ್ಲಿ ಬಂದ 1.9 ಆವೃತ್ತಿಯಲ್ಲಿ ಇತರ ಲಿಪಿಗಳಿಗೂ ಅವಕಾಶವಾಯಿತು. ಆದರೆ ಅದು ಆಧರಿಸಿರುವ ಪೈಥಾನ್ ಭಾಷೆಯ ‘ಅಕ್ಷರ’ದ ವ್ಯಾಖ್ಯೆಯಲ್ಲಿ ನಮ್ಮ ಕಾಗುಣಿತದ ಚಿಹ್ನೆ, ಅನುಸ್ವಾರ, ಹಲಂತ ಯಾವುದೂ ಸೇರುವುದಿಲ್ಲ. ಹಾಗಾಗಿ ಅವೆಲ್ಲ ಕಸವೆಂದು ಉದುರುತ್ತವೆ. ‘ಕನ್ನಡ ರಾಜ್ಯೋತ್ಸವ’ ಹೋಗಿ ‘ಕನನಡ-ರಜಯತಸವ’ ಆಗುತ್ತದೆ. ‘ಸಂಘ’ ಬರೀ ‘ಸಘ’. ಕಾಗುಣಿತ ಅಕ್ಷರದ ಅಲಂಕಾರವಲ್ಲ, ಅಕ್ಷರವೇ ಎಂದು ನಮ್ಮೂರ ಒಂದನೇ ಕ್ಲಾಸಿನ ಮಗುವಿಗೂ ಗೊತ್ತು. ಮದ್ದಿನ ಹೆಸರಲ್ಲಿ ಒಂದಕ್ಷರ ತಪ್ಪಿದರೆ ಬೇರೆ ಮದ್ದೇ ಕೈಗೆ ಬರುವ ಕೆಲಸದಲ್ಲಿರುವ ನಮಗೆ ಇದು ಪೂರ್ತಿ ನಗುವ ವಿಷಯವೂ ಅಲ್ಲ.

ಈ ತಾಪತ್ರಯ ಬೇಡವೆಂದು ಶೀರ್ಷಿಕೆಯನ್ನು ಇಂಗ್ಲಿಷ್ ಅಕ್ಷರಕ್ಕಿಳಿಸುವವರೇ ಹೆಚ್ಚು. ಚಿಕ್ಕದಾಗುತ್ತದೆ, ನಿಜ. ಆದರೆ ‘ಹಳ್ಳಿ’ಯ ಳ, ‘ಹಲ್ಲಿ’ಯ ಲ ಎರಡಕ್ಕೂ ಅಲ್ಲಿ ಒಂದೇ ಎಲ್. ಊರೋ ಗೋಡೆಯ ಮೇಲಿನದೋ ಓದುವವರೇ ಊಹಿಸಬೇಕು!

ನಮ್ಮಂಥವರಿಗೆ ಇದರ ಬಿಸಿ ತಟ್ಟುವುದು ಫೋನಿನಲ್ಲಿ. ವೀಸಾ, ಕೆಲಸ, ಟಿಕೆಟ್ ಎಂದು ದಿನವೂ ಲಿಂಕ್ ಬರುತ್ತದೆ. ಶೇಕಡಾ ಚಿಹ್ನೆಗಳ ಸಾಲಿನಲ್ಲಿ ಊರಿನ ಸುದ್ದಿ ಯಾವುದು, ವಂಚಕರ ಬಲೆ ಯಾವುದು ತಿಳಿಯದು. ಹಾಗೆಂದು ಓದಲು ಬಂದ ಮಾತ್ರಕ್ಕೆ ನಂಬುವಂತಿಲ್ಲ. ಸ್ಲಗ್‌ನಲ್ಲಿ ಯಾರು ಏನನ್ನೂ ಬರೆಯಬಹುದು. ಪುಟ ಯಾರದೆಂದು ಹೇಳುವುದು ಮೊದಲ ಒಂಟಿ ಓರೆಗೆರೆಗಿಂತ ಮುಂಚಿನ ಡೊಮೇನ್ ಹೆಸರು. ಅಲ್ಲಿಗೂ ಈಗ ನಮ್ಮ ಲಿಪಿಗಳು ಬಂದಿವೆ: ಕತಾರಿಗೆ ಅರಬ್ಬಿ ಅಕ್ಷರದ ಡೊಮೇನ್ ಇದೆ, ನಮಗೆ ಕನ್ನಡದಲ್ಲೇ ಬರೆಯುವ ‘.ಭಾರತ’ ಇದೆ.

2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯ ಶೀರ್ಷಿಕೆಯ ಕಾಗುಣಿತಕ್ಕೆ ಕೈ ಹಾಕುವುದಿಲ್ಲ. ಪದಗಳ ನಡುವಿನ ಖಾಲಿ ಜಾಗಕ್ಕೆ ಒಂದು ಅಡಿಗೆರೆ ಎಳೆಯುತ್ತದೆ, ಅಷ್ಟೇ. ಅಲ್ಲಿ ರಾಜ್ಯೋತ್ಸವ ರಾಜ್ಯೋತ್ಸವವಾಗಿಯೇ ಇದೆ.