ತಾಳಗುಂದದ ಕಂಬ: ಚರಿತ್ರೆ, ಕಥೆ, ಪುರಾಣ

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ದೇಗುಲದ ಮುಂದೆ ಐದನೆಯ ಶತಮಾನದ ಶಿಲಾಸ್ತಂಭವಿದೆ. ಕದಂಬ ಅರಸ ಶಾಂತಿವರ್ಮನ ಕಾಲದಲ್ಲಿ ಕುಬ್ಜನೆಂಬ ಕವಿ ಅದರ ಮೇಲಿನ ಸಂಸ್ಕೃತ ಕಾವ್ಯವನ್ನು ರಚಿಸಿದನು. ಶಾಂತಿವರ್ಮನ ತಂದೆ ಕಾಕುಸ್ಥವರ್ಮ ಇಲ್ಲಿ ಕೆರೆ ಕಟ್ಟಿಸಿದ್ದನ್ನು ದಾಖಲಿಸುವ ಈ ಶಾಸನ, ಆ ನೆಪದಲ್ಲಿ ವಂಶದ ಚರಿತ್ರೆಯನ್ನೇ ಹೇಳುತ್ತದೆ.

ವೇದಾಧ್ಯಯನಕ್ಕೆಂದು ಗುರು ವೀರಶರ್ಮನೊಡನೆ ಕಂಚಿಯ ಘಟಿಕಾಸ್ಥಾನಕ್ಕೆ ಹೋದ ಕದಂಬ ವಂಶದ ಸ್ಥಾಪಕ ಮಯೂರಶರ್ಮ, ಪಲ್ಲವರ ಅಶ್ವಸೈನಿಕರೊಡನೆ ಜಗಳವಾಗಿ ಅವಮಾನಗೊಂಡನು. ದರ್ಭೆ ಹಿಡಿದ ಕೈಯಲ್ಲಿ ಖಡ್ಗ ಹಿಡಿದನು. ಶ್ರೀಪರ್ವತದ ಕಾಡಿನಲ್ಲಿ ನೆಲೆನಿಂತು ಬೃಹದ್ಬಾಣ ಅರಸರಿಂದ ಕಪ್ಪ ಪಡೆದನು. ಕೊನೆಗೆ ಪಲ್ಲವರೇ ಅವನ ಅಧಿಕಾರವನ್ನು ಒಪ್ಪಿಕೊಂಡರು. ಷಡಾನನನೇ ಅವನಿಗೆ ಸೇನಾಪತಿಯಾಗಿ ಅಭಿಷೇಕ ಮಾಡಿದನೆಂದು ಕವಿ ಸೇರಿಸುತ್ತಾನೆ. ಮನೆಯ ಬಳಿಯ ಕದಂಬ ಮರದಿಂದ ವಂಶಕ್ಕೆ ಹೆಸರು ಬಂದಿತೆಂಬ ವಿವರಣೆಯೂ ಇಲ್ಲಿದೆ.

ನಂತರದ ಕದಂಬರ ಶಾಸನಗಳಲ್ಲಿ ಪುರಾಣ ಬೆಳೆಯಿತು: ಶಿವನ ಬೆವರ ಹನಿ ಕದಂಬ ಮರದಡಿ ಬಿದ್ದು ಮುಕ್ಕಣ್ಣ ಮೂಲಪುರುಷ ಹುಟ್ಟಿದನು.

ಗ್ರೀಸಿನ ಇತಿಹಾಸಕಾರ ಹೆರೊಡೋಟಸ್ ಕೇಳಿದ ಕಥೆಗಳನ್ನು ದಾಖಲಿಸಿ, ಅವೆಲ್ಲವನ್ನೂ ನಂಬಬೇಕಿಲ್ಲವೆಂದನು. ಕುಬ್ಜನದು ಆಸ್ಥಾನದ ಪ್ರಶಸ್ತಿ; ಅಲ್ಲಿ ಅಂಥ ಸಂದೇಹಕ್ಕೆ ಎಡೆಯಿಲ್ಲ. ಬಿ.ಎಲ್. ರೈಸ್ ಮೊದಲಾದ ಶಾಸನತಜ್ಞರು ಕುಬ್ಜನ ಮಾತುಗಳ ಪರಿಶೀಲನೆಯನ್ನು ಕೈಗೊಂಡರು. ಇದೇ ತಾಲ್ಲೂಕಿನ ಮಳವಳ್ಳಿಯ ಪ್ರಾಕೃತ ಶಾಸನದಲ್ಲಿ ಸಾತಕರ್ಣಿ ಎಂಬ ಅರಸನ ಹೆಸರಿದೆ. ತಾಳಗುಂದದ ದೇವರನ್ನು ಸಾತಕರ್ಣಿ ಮೊದಲಾದವರು ಪೂಜಿಸಿದರೆಂಬ ಕುಬ್ಜನ ಮಾತಿಗೆ ಅದು ಬಲ ಕೊಡುತ್ತದೆ.