ತಂತ್ರಾಂಶ ಸ್ಥಾಪಿಸಿದಾಗ ಕನ್ನಡ ಅಕ್ಷರ ಒಡೆದರೆ: ಡಿಎಲ್‌ಎಲ್ ಘರ್ಷಣೆಯ ಕಾರಣ ಮತ್ತು ಪರಿಹಾರ

ಮುಂಬಯಿ: ಮಹಾನಗರ ಹಾಗೂ ಉಪನಗರಗಳ ಕನ್ನಡಿಗರ ಮನೆಗಳಲ್ಲಿ ಗಣಕಯಂತ್ರವು ನೆಲೆಯೂರಿ ಎರಡು ದಶಕಗಳೇ ಸಂದಿವೆ. ಸಂಘಗಳ ಸ್ಮರಣ ಸಂಚಿಕೆ, ಮದುವೆಯ ಆಮಂತ್ರಣ ಪತ್ರಿಕೆ, ಹಿರಿಯರು ಬರೆಸಿಟ್ಟ ಊರಿನ ನೆನಪುಗಳು ಎಲ್ಲವೂ ಅದರೊಳಗಿವೆ. ಹೀಗಿರುವಾಗ ಹೊಸ ತಂತ್ರಾಂಶವೊಂದನ್ನು ಸ್ಥಾಪಿಸಿದೊಡನೆ ಹಳೆಯದು ತೆರೆಯದೆ ಹೋದರೆ, ಅಥವಾ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗಿ ಕಂಡರೆ ಗಾಬರಿಯಾಗುವುದು ಸಹಜ. ಓದುಗ ಬಂಧುಗಳು ಮೊದಲು ತಿಳಿಯಬೇಕಾದುದಿಷ್ಟು: ಇಂತಹ ಸಂದರ್ಭದಲ್ಲಿ ಸಾಮಾನ್ಯವಾಗಿ ಬರಹ ಕೆಟ್ಟಿರುವುದಿಲ್ಲ, ಅದನ್ನು ತೋರಿಸುವ ಕಡತ ಬದಲಾಗಿರುತ್ತದೆ.

ಹಂಚಿಕೆಯ ಕಡತವೆಂದರೇನು?

ಯಾವ ತಂತ್ರಾಂಶವೂ ತನಗೆ ಬೇಕಾದುದೆಲ್ಲವನ್ನೂ ತಾನೇ ಹೊತ್ತು ತರುವುದಿಲ್ಲ. ಅಕ್ಷರ ಮೂಡಿಸುವುದು, ಮುದ್ರಿಸುವುದು ಮುಂತಾದ ಕೆಲಸಗಳಿಗೆ ಹಲವು ತಂತ್ರಾಂಶಗಳು ಒಂದೇ ಕಡತವನ್ನು ಬಳಸುತ್ತವೆ. ವಿಂಡೋಸ್‌ನಲ್ಲಿ ಇದಕ್ಕೆ ಡಿಎಲ್‌ಎಲ್ ಎಂದೂ ಲಿನಕ್ಸ್‌ನಲ್ಲಿ ಶೇರ್ಡ್ ಲೈಬ್ರರಿ ಎಂದೂ ಹೆಸರು. ಚಾಳಿನ ಎಲ್ಲ ಮನೆಗಳಿಗೂ ಇರುವ ಒಂದೇ ಒರಳುಕಲ್ಲಿನಂತೆ ಇದು. ಒಬ್ಬರು ತಮ್ಮ ಅನುಕೂಲಕ್ಕೆ ಗುಂಡುಕಲ್ಲನ್ನು ಬದಲಿಸಿದರೆ ಉಳಿದವರ ಹಿಟ್ಟು ತರಿಯಾಗುತ್ತದೆ. 1990ರ ದಶಕದಲ್ಲಿ ಈ ತೊಂದರೆ ಎಷ್ಟು ವ್ಯಾಪಕವಾಗಿತ್ತೆಂದರೆ ತಂತ್ರಜ್ಞರು ಅದನ್ನು 'ಡಿಎಲ್‌ಎಲ್ ನರಕ' ಎಂದೇ ಕರೆದರು. ವಿಂಡೋಸ್ 2000ರಲ್ಲಿ ವ್ಯವಸ್ಥೆಯ ಕಡತಗಳಿಗೆ ರಕ್ಷಣೆ ಬಂದಿತು. 2001ರ ಎಕ್ಸ್‌ಪಿಯಲ್ಲಿ ಒಂದೇ ಕಡತದ ಬೇರೆ ಬೇರೆ ಆವೃತ್ತಿಗಳನ್ನು ಅಕ್ಕಪಕ್ಕದಲ್ಲಿ ಇರಿಸುವ ಏರ್ಪಾಡಾಯಿತು.

ಕನ್ನಡಕ್ಕೆ ಬಂದ ತೊಡಕು

ಯುನಿಕೋಡ್‌ನಲ್ಲಿ 'ಕ್ಷ' ಎಂಬುದು ಕ, ವಿರಾಮ ಚಿಹ್ನೆ, ಷ ಎಂದು ಬಿಡಿಬಿಡಿಯಾಗಿಯೇ ಉಳಿದಿರುತ್ತದೆ. ಅವನ್ನು ಕೂಡಿಸಿ ತೋರಿಸುವ ಹೊಣೆ ವಿಂಡೋಸ್‌ನಲ್ಲಿ ಯುನಿಸ್ಕ್ರೈಬ್ ಎಂಬ ವ್ಯವಸ್ಥೆಯದಾಗಿತ್ತು. ಅದರ ಕಡತ ಯುಎಸ್‌ಪಿ10.ಡಿಎಲ್‌ಎಲ್. ಎಕ್ಸ್‌ಪಿಯಲ್ಲಿ ಕನ್ನಡವೂ ತುಂಗಾ ಅಕ್ಷರವಿನ್ಯಾಸವೂ ಬಂದವು. ಆದರೆ ಆಫೀಸ್ 2003 ಇದೇ ಕಡತದ ಹೊಸ ಆವೃತ್ತಿಯನ್ನು ತನ್ನೊಡನೆ ತಂದಿತು. ಹೀಗಾಗಿ ಒಂದೇ ಯಂತ್ರದಲ್ಲಿ, ಒಂದೇ ಬರಹವನ್ನು ಎರಡು ತಂತ್ರಾಂಶಗಳು ಎರಡು ಬಗೆಯಾಗಿ ತೋರಿಸಲು ಎಡೆಯಾಯಿತು.

ಆ ಕಾಲದಲ್ಲಿ ನಾವೂ ಇದಕ್ಕೆ ಸಿಕ್ಕಿಕೊಂಡೆವು. ನಮ್ಮ ತೀರ್ಥರೂಪರು ಹೇಳುತ್ತಿದ್ದ ನೆನಪುಗಳನ್ನು ಬ್ಯಾಂಕಿನಿಂದ ಬಂದ ಮೇಲೆ ರಾತ್ರಿ ಕುಳಿತು ಟೈಪು ಮಾಡುತ್ತಿದ್ದೆವು. ಒಂದು ದಿನ ಅಕ್ಷರಗಳೆಲ್ಲ ಒಡೆದುವು. ಆತುರದಲ್ಲಿ ಅಪರಿಚಿತ ಜಾಲತಾಣದ ಡಿಎಲ್‌ಎಲ್ ಒಂದನ್ನು ತಂದು ಹಾಕಲು ತಂತ್ರಾಂಶವು ತೆರೆಯುವುದನ್ನೇ ನಿಲ್ಲಿಸಿತು. ಎಲ್ಲವೂ ಹೋಯಿತೆಂದು ಮತ್ತೆ ಮೊದಲಿನಿಂದ ಬರೆಯತೊಡಗಿದೆವು. ತೀರ್ಥರೂಪರಿಗಾಗಲೇ ಕೆಲವು ಹೆಸರುಗಳು ಮರೆತಿದ್ದವು. ನಾಲ್ಕು ಪುಟ ಮುಗಿದಾಗ ನೆರೆಮನೆಯ ತರುಣನೊಬ್ಬ ಅದೇ ಕಡತವನ್ನು ತನ್ನ ಯಂತ್ರದಲ್ಲಿ ತೆರೆದು ತೋರಿಸಿದ. ಒಂದಕ್ಷರವೂ ಕೆಟ್ಟಿರಲಿಲ್ಲ.

ಅನುಸರಿಸಬೇಕಾದ ಕ್ರಮ

1. ಬರಹವನ್ನು ಅಳಿಸಬೇಡಿ, ಒಡೆದು ಕಂಡ ಸ್ಥಿತಿಯಲ್ಲಿ ತಿದ್ದಿ ಉಳಿಸಬೇಡಿ. ಪ್ರತಿಯೊಂದನ್ನು ಬೇರೆ ಯಂತ್ರದಲ್ಲಿ ತೆರೆದು ನೋಡಿ.

2. ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಂಡರೆ ಅದು ಡಿಎಲ್‌ಎಲ್ ದೋಷವಾಗಿರಲಾರದು. ನುಡಿ ಅಥವಾ ಬರಹದ ಹಳೆಯ ಅಕ್ಷರವಿನ್ಯಾಸದಲ್ಲಿ ಬರೆದುದಾದರೆ ಆ ಅಕ್ಷರವಿನ್ಯಾಸವನ್ನು ಸ್ಥಾಪಿಸಬೇಕು, ಇಲ್ಲವೇ ಯುನಿಕೋಡ್‌ಗೆ ಪರಿವರ್ತಿಸಬೇಕು.

3. ದೋಷ ಸೂಚನೆಯಲ್ಲಿರುವ ಕಡತದ ಹೆಸರನ್ನು ಅಕ್ಷರಶಃ ಬರೆದುಕೊಳ್ಳಿ. ಕೊನೆಯದಾಗಿ ಸ್ಥಾಪಿಸಿದ ತಂತ್ರಾಂಶ ಯಾವುದೆಂದು ನೆನಪಿಸಿಕೊಳ್ಳಿ. ಅದನ್ನು ತೆಗೆದಾಗ ಹಳೆಯದು ಸರಿಹೋದರೆ ಕಾರಣ ತಿಳಿದಂತಾಯಿತು.

4. ಬಿಡಿ ಡಿಎಲ್‌ಎಲ್‌ಗಳನ್ನು ಜಾಲತಾಣಗಳಿಂದ ಎಂದೂ ಇಳಿಸಿಕೊಳ್ಳಬೇಡಿ. ಅವುಗಳ ಆವೃತ್ತಿ ತಪ್ಪಿರಬಹುದು, ವೈರಸ್ ಇರಬಹುದು. ವಿಸಿರನ್‌ಟೈಮ್140 ಅಥವಾ ಎಂಎಸ್‌ವಿಸಿಪಿ140 ಇಲ್ಲವೆಂಬ ಸೂಚನೆ ಬಂದರೆ ಮೈಕ್ರೋಸಾಫ್ಟ್ ನೀಡುವ ವಿಷುವಲ್ ಸಿ++ ಪೊಟ್ಟಣವನ್ನೇ ಸ್ಥಾಪಿಸಿ. 32 ಬಿಟ್‌ನ ತಂತ್ರಾಂಶಕ್ಕೆ 64 ಬಿಟ್‌ನ ವಿಂಡೋಸ್‌ನಲ್ಲಿಯೂ 32 ಬಿಟ್‌ನ ಪೊಟ್ಟಣವೇ ಬೇಕು.

5. ಪಟ್ಟಿಯಲ್ಲಿ 2008, 2010, 2013 ಎಂದು ಹಲವು ಪೊಟ್ಟಣಗಳಿದ್ದರೆ ಹೆಚ್ಚಾದುವೆಂದು ತೆಗೆಯಬೇಡಿ. ಒಂದೊಂದನ್ನೂ ಬೇರೆ ಬೇರೆ ತಂತ್ರಾಂಶ ನಂಬಿಕೊಂಡಿರಬಹುದು.

6. ವಿಂಡೋಸ್‌ನ ಸ್ವಂತ ಕಡತ ಕೆಟ್ಟಿದ್ದರೆ ಸಿಸ್ಟಂ ಫೈಲ್ ಚೆಕರ್ ಎಂಬ ಅದರದೇ ಸಾಧನ ನೆರವಾಗುತ್ತದೆ.

7. ಲಿನಕ್ಸ್‌ನಲ್ಲಿ ಆದಷ್ಟೂ ವಿತರಣೆಯ ಭಂಡಾರದಿಂದಲೇ ತಂತ್ರಾಂಶ ಪಡೆಯಿರಿ. ಆವೃತ್ತಿಗಳು ಹೊಂದದಿದ್ದರೆ, ಬೇಕಾದ ಕಡತಗಳನ್ನು ಬಹುಮಟ್ಟಿಗೆ ತನ್ನೊಡನೆಯೇ ತರುವ ಫ್ಲಾಟ್‌ಪ್ಯಾಕ್ ಅಥವಾ ಆ್ಯಪ್‌ಇಮೇಜ್ ರೂಪವನ್ನು ಆರಿಸಬಹುದು.

ಏನನ್ನೇ ಸ್ಥಾಪಿಸುವ ಮುನ್ನ ಮನೆಯ ಕನ್ನಡ ಬರಹಗಳ ಒಂದು ಪ್ರತಿಯನ್ನು ಬೇರೆಡೆ ಇರಿಸಿರಿ. ಬ್ಯಾಂಕಿನ ಲೆಕ್ಕವನ್ನು ದಿನದ ಕೊನೆಗೆ ತಾಳೆ ನೋಡುವಷ್ಟೇ ಅಗತ್ಯದ ಅಭ್ಯಾಸವಿದು. ತಂತ್ರಾಂಶವನ್ನು ಎಷ್ಟು ಸಲ ಬೇಕಾದರೂ ಹೊಸದಾಗಿ ತರಬಹುದು. ಹಿರಿಯರ ಮಾತನ್ನು ಮತ್ತೊಮ್ಮೆ ಹೇಳಿಸಿ ಬರೆದುಕೊಳ್ಳುವ ಅವಕಾಶ ಎಲ್ಲರಿಗೂ ಸಿಗುವುದಿಲ್ಲ.